ಹಲಗಲಿಯಲ್ಲಿ ಉಳಿದವರು

ಕಾಡುಗೋಡಿಯ ಗುಜರಿ ಅಂಗಡಿಗೆ ಜನ ಏನೇನೋ ಹುಡುಕಿಕೊಂಡು ಬರುತ್ತಾರೆ. ಹಳೇ ಫ್ಯಾನು, ಕುಕ್ಕರಿನ ಮುಚ್ಚಳ, ಸ್ಕೂಟರಿನ ಕನ್ನಡಿ. ಆದರೆ ಸೆಕ್ಯುರಿಟಿ ಯೂನಿಫಾರಂ ತೊಟ್ಟವನೊಬ್ಬ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಬಂದು, ರದ್ದಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಇತಿಹಾಸದ್ದು ಏನರ ಅದಾವೇನ್ರಿ, ಕನ್ನಡದಾಗ?" ಅಂತ ಕೇಳಿದ್ದು ಅದೇ ಮೊದಲಿರಬೇಕು. ಅಂಗಡಿಯ ಮುತ್ತಣ್ಣ ತಕ್ಕಡಿ ಒರೆಸುತ್ತಾ, "ಇಲ್ಲಿರೋದೆಲ್ಲಾ ಹಳೇದೇ ಕಣಣ್ಣ, ಹುಡುಕ್ಕೋ" ಅಂತ ನಕ್ಕ. ಮಲಕಪ್ಪ ನಗಲಿಲ್ಲ. ಅವು ಅವನಿಗೆ ನಗುವ ದಿನಗಳಾಗಿರಲಿಲ್ಲ.

ಮಲಕಪ್ಪ ಅಂಥ ದೊಡ್ಡ ಮನುಷ್ಯನೇನಲ್ಲ. ಮುಧೋಳದ ಕಡೆಯವನು. ಪಿಯುಸಿ ಎರಡನೇ ವರ್ಷ ಆರ್ಟ್ಸ್ ಪಾಸಾಗಿ, ಇನ್ನೇನು ಮೇಷ್ಟ್ರಾಗುತ್ತೇನೆ ಅಂದುಕೊಂಡಿದ್ದವನು, ಹದಿನಾರು ವರ್ಷದ ಹಿಂದೆ ಹೆಂಡತಿ ಹೊಳೆವ್ವನನ್ನು ಕರೆದುಕೊಂಡು ಕಾಡುಗೋಡಿಗೆ ಬಂದ. ಮೊದಲು ಕಟ್ಟಡದ ಕೆಲಸ, ಸೊಂಟ ಹಿಡಿದ ಮೇಲೆ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಗಾರ್ಡ್ ಕೆಲಸ. ಹೊಳೆವ್ವ ಐಟಿ ಪಾರ್ಕೊಂದರಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಭಾಗ್ಯಮ್ಮನವರ ಸಾಲು ಮನೆಗಳಲ್ಲಿ ಕೊನೆಯ ರೂಮು ಇವರದು. ಇದ್ದದ್ದು ಒಬ್ಬಳೇ ಮಗಳು, ದಾನೇಶ್ವರಿ. ಮನೆಯಲ್ಲಿ ದಾನಿ.

ದಾನಿಗೆ ಹದಿನೈದು ತುಂಬಿತ್ತು. ಎಂಟು ವರ್ಷದವಳಿದ್ದಾಗ ಗಂಟಲು ನೋವು, ಜ್ವರ, ಮಂಡಿ ಬಾವು ಬಂದು ಹೋಗಿದ್ದನ್ನು ಇವರು ಮಕ್ಕಳಿಗೆ ಬರುವ ಕಾಯಿಲೆ ಅಂದುಕೊಂಡು ಸುಮ್ಮನಾಗಿದ್ದರು. ಅದು ಒಳಗೊಳಗೇ ಹೃದಯದ ಕವಾಟ ತಿಂದುಹಾಕಿತ್ತು. ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಸ್ಕೂಲಿನ ಮೆಟ್ಟಿಲು ಹತ್ತಲಾರದೆ ಅರ್ಧದಲ್ಲೇ ಕೂತುಬಿಡುತ್ತಿದ್ದಳು. ಕವಾಟ ಬದಲಿಸಬೇಕು, ಅದಕ್ಕೆ ಮೊದಲು ಮೈಯಲ್ಲಿ ಸ್ವಲ್ಪ ಶಕ್ತಿ ಬರಬೇಕು ಅಂದರು ಡಾಕ್ಟರು. ಹತ್ತನೇ ಕ್ಲಾಸಿಗೆ ಹೆಸರು ಹಚ್ಚಿಸಿ ಮನೆಯಲ್ಲೇ ಓದಲಿ ಅಂತಾಯಿತು. ಸಮಾಜ ವಿಜ್ಞಾನದ ಶೋಭಾರಾಣಿ ಮೇಡಂ ಒಳ್ಳೆಯ ಹೆಂಗಸು. ಬೇರೆ ಮಕ್ಕಳ ನೋಟ್ಸಿನ ಫೋಟೋ ತೆಗೆದು ಫೋನಿಗೆ ಕಳಿಸುತ್ತಿದ್ದರು.

ಗಣಿತ, ವಿಜ್ಞಾನ ಮಲಕಪ್ಪನ ಕೈಗೆ ಹತ್ತುತ್ತಿರಲಿಲ್ಲ. ಅವನ್ನು ದಾನಿ ತನ್ನಷ್ಟಕ್ಕೆ ತಾನೇ ಗುದ್ದಾಡುತ್ತಿದ್ದಳು. ಇತಿಹಾಸ ಮಾತ್ರ ಅಪ್ಪನ ಪಾಲು. ಬೆಳಿಗ್ಗೆ ಡ್ಯೂಟಿಯಿಂದ ಬಂದು, ಮುಖ ತೊಳೆದು, ಹೊಳೆವ್ವ ಮುಚ್ಚಿಟ್ಟು ಹೋದ ರೊಟ್ಟಿಯನ್ನು ಇಬ್ಬರೂ ತಿಂದು, ಒಂಬತ್ತೂವರೆಗೆಲ್ಲ ಪಾಠಕ್ಕೆ ಕೂರುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು ಅವಳಿಗೆ. ಗೋಡೆಗೆ ಮೂರು ದಿಂಬು ಆನಿಸಿ ಮಂಚದ ಮೇಲೆ ಕೂರುವಳು. ಅಪ್ಪ ಕೆಳಗೆ ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಓದುವನು. ರಾತ್ರಿಯೆಲ್ಲ ನಿದ್ದೆಗೆಟ್ಟ ಗಂಡಸು ಓದುತ್ತ ಓದುತ್ತ ತೂಕಡಿಸಿದರೆ, "ಅಪ್ಪಾ, ಟಿಪ್ಪು ಇನ್ನೂ ಕುದುರಿ ಮ್ಯಾಲೇ ಅದಾನ. ಇಳಸು ಅವನ್ನ" ಅಂತ ಎಬ್ಬಿಸುತ್ತಿದ್ದಳು ಹುಡುಗಿ. ಅಷ್ಟು ಕಾಯಿಲೆಯಲ್ಲೂ ನಾಲಿಗೆ ಮಾತ್ರ ಚುರುಕು.

ಎಲ್ಲ ಶುರುವಾದದ್ದು ಹಲಗಲಿಯ ಪಾಠದಿಂದ. ಪಾಠ ಅಂದರೆ ಪಾಠವೇನಲ್ಲ, ಪುಸ್ತಕದಲ್ಲಿ ಐದಾರು ಸಾಲು. ಲೈಸೆನ್ಸ್ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಅಂತ ಇಂಗ್ಲಿಷರು ಕಾನೂನು ಮಾಡಿದರು. ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಮುಂದಿನ ಸಾಲಿಗೆ ಪುಸ್ತಕ ಬೇರೆ ಊರಿಗೆ ಹೋಗಿಬಿಟ್ಟಿತ್ತು.

ಆದರೆ ಹೊಳೆವ್ವನ ತವರು ಹಲಗಲಿ. ದಾನಿ ಅಂಗೈ ಅಡ್ಡ ಹಿಡಿದು ಪಾಠ ನಿಲ್ಲಿಸಿದಳು.

"ಊರ ಸುಟ್ಟರ, ಮಂದೀನ್ನ ಗಲ್ಲಿಗೆ ಹಾಕಿದ್ರ, ಅವ್ವ ಎಲ್ಲಿಂದ ಬಂದ್ಲು?"

"ಎಲ್ಲಾರೂ ಸತ್ತಿರೂದಿಲ್ಲವ್ವಾ. ಉಳದವ್ರು ಇರ್ತಾರ."

"ಹೌದಲ್ಲ, ಅವ್ರು ಏನಾದ್ರು ಮತ್ತ? ಮನಿ ಇಲ್ಲ, ಮಠ ಇಲ್ಲ, ಮನ್ಯಾಗಿನ ಗಂಡಸರಿಲ್ಲ. ಮರುದಿನ ಮುಂಜಾನಿ ಎದ್ದು ಏನ್ ಮಾಡಿದ್ರು ಅಪ್ಪಾ?"

ಮಲಕಪ್ಪನಿಗೆ ಗೊತ್ತಿರಲಿಲ್ಲ. ಸಂಜೆ ಹೊಳೆವ್ವನನ್ನು ಕೇಳಿದರೆ ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, "ನನಗೇನ ಗೊತ್ರಿ? ನಮ್ಮಜ್ಜಿ ಬಾಯಿ ತಗದ್ರ ಬರೇ ಎಮ್ಮಿ ಸುದ್ದಿ ಹೇಳ್ತಿದ್ಲು" ಅಂದಳು. ಮೂವರೂ ನಕ್ಕರು. ನಕ್ಕು ದಾನಿಗೆ ಕೆಮ್ಮು ಹತ್ತಿ, ಅದು ನಿಲ್ಲುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರ ಮುಖವೂ ಬಿಳುಚಿಕೊಂಡಿತ್ತು.

ಅವಳು ಪ್ರಶ್ನೆ ಬಿಡಲಿಲ್ಲ. ಶೋಭಾರಾಣಿ ಮೇಡಂಗೆ ಮೆಸೇಜ್ ಮಾಡಿಸಿದಳು. ಅವರು, "ಪರೀಕ್ಷೆಗೆ ಅಷ್ಟೇ ಸಾಕು ದಾನೇಶ್ವರಿ. ಹೆಚ್ಚು ಬೇಕಿದ್ದರೆ ಬೇರೆ ಪುಸ್ತಕ ನೋಡಬೇಕು" ಅಂತ ಉತ್ತರ ಬರೆದರು. ಅಂದಿನಿಂದ ಮಲಕಪ್ಪನ ಬೇಟೆ ಶುರುವಾಯಿತು. ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೊಸ ಬಟ್ಟೆ ಕೇಳಿದವಳಲ್ಲ, ತಿಂಡಿ ಕೇಳಿದವಳಲ್ಲ. ಇದನ್ನೂ ತಂದುಕೊಡಲಾರದಿದ್ದರೆ ತಾನೆಂಥ ಅಪ್ಪ ಅನಿಸಿತು ಅವನಿಗೆ.

ಮೊದಲು ಅಪಾರ್ಟ್‌ಮೆಂಟಿನ ಒಣ ಕಸದ ಕೋಣೆ. ದೊಡ್ಡವರ ಮನೆಗಳಿಂದ ಇಳಿಯುವ ಪುಸ್ತಕಗಳನ್ನು ನೋಡಬೇಕು ನೀವು. ಹೊಳೆಯುವ ಕಾಗದ, ಬಣ್ಣದ ಕೋಟೆ ಕೊತ್ತಲ, ಒಂದು ಗೆರೆ ಗೀಚಿರುವುದಿಲ್ಲ. ಆದರೆ ಎಲ್ಲ ಇಂಗ್ಲಿಷು, ಎಲ್ಲ ದೆಹಲಿಯ ಬಾದಶಹರ ಕಥೆ. ಆಮೇಲೆ ಮನೆ ಓನರ್ ಭಾಗ್ಯಮ್ಮ. ಆಕೆ ಮೂಲತಃ ಕಾಡುಗೋಡಿಯವರೇ. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ಹನ್ನೆರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಬಾಯಿ ಜೋರು, ಮನಸ್ಸು ಮೆತ್ತಗೆ. ಮಗ ಮನು ಓದಿದ್ದ ಗೈಡುಗಳ ಕಟ್ಟೊಂದನ್ನು ತಂದು ಧೊಪ್ ಅಂತ ಹಾಕಿದರು.

"ತಕೋ ಮಲಕಪ್ಪ. ನಮ್ ಮನುಂದು. ಎಲ್ಲಾ ವಸಾದಂಗೇ ಐತೆ ನೋಡು. ಬಡ್ಡೀಮಗ ಒಂದ್ ದಿನ ತೆಗೆದಿದ್ರೆ ತಾನೆ!"

ಅದರಲ್ಲೂ ಹಲಗಲಿ ಸಿಕ್ಕಲಿಲ್ಲ. ವಾರದ ರಜೆಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿಂದ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಅಲೆದ. "ಹಲಗಲಿನಾ? ಯಾವ ಪಬ್ಲಿಕೇಶನ್ ಸಾರ್?" ಅಂತ ಕೇಳಿದವನೊಬ್ಬ. "ಊರ್ರೀ ಅದು" ಅಂದ ಮಲಕಪ್ಪ. ಬರಿಗೈಯಲ್ಲಿ ಬರಬಾರದೆಂದು ವಿಜಯನಗರದ್ದೊಂದು, ಆದಿಲ್‌ಶಾಹಿಯದೊಂದು, ಸ್ವಾತಂತ್ರ್ಯ ಹೋರಾಟದ್ದೊಂದು ತಂದ. ಮುತ್ತಣ್ಣನ ರದ್ದಿಯಲ್ಲೂ ನಾಲ್ಕಾರು ಸಿಕ್ಕವು. ಹಲಗಲಿಯ ಹೆಸರು ಬಂದಲ್ಲೆಲ್ಲ ಅದೇ ಬೆಂಕಿ, ಅದೇ ಗಲ್ಲು, ಅಲ್ಲಿಗೇ ಮುಕ್ತಾಯ. ಬರೆಯುವವರಿಗೆ ಸತ್ತವರು ಸಾಕಾಗಿದ್ದರು. ದಾನಿ ಒಂದೊಂದನ್ನೂ ಕೇಳಿ, "ಇದರಾಗೂ ಇಲ್ಲ" ಅನ್ನುವಳು. ಅವಳ ಕಾಲು ಬಾತುಕೊಳ್ಳಲು ಶುರುವಾಗಿತ್ತು.

ಪುಸ್ತಕ ಕೊನೆಗೆ ಸಿಕ್ಕಿದ್ದು ಅವನು ಕಾಯುವ ಗೇಟಿನ ಒಳಗೇ. ಏಳನೇ ಮಹಡಿಯ ಪರಮಾನಂದ ಅವರು ರಿಟೈರಾದ ಹಿಸ್ಟರಿ ಲೆಕ್ಚರರು. ಒಂದು ಬೆಳಿಗ್ಗೆ ವಾಕಿಂಗಿಗೆ ಇಳಿದಾಗ ಗಾರ್ಡಿನ ಕೈಯಲ್ಲಿ ಆದಿಲ್‌ಶಾಹಿಯ ಪುಸ್ತಕ ನೋಡಿ ನಿಂತರು. ಕೇಳಿದರು. ಮಲಕಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಮಗಳ ಪ್ರಶ್ನೆಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೂವತ್ತೆರಡು ವರ್ಷ ಪಾಠ ಮಾಡಿದೀನಿ ಮಲಕಪ್ಪ. ಒಬ್ಬ ಹುಡುಗಾನೂ, ಒಬ್ಬ ಹುಡುಗೀನೂ ನನ್ನನ್ನ ಈ ಪ್ರಶ್ನೆ ಕೇಳಿಲ್ಲ. ನಾನೂ ಕೇಳ್ಕೊಂಡಿಲ್ಲ ಕಣ್ರೀ. ಇರಿ, ಹುಡುಕ್ತೀನಿ."

ನಾಲ್ಕು ದಿನ ಬಿಟ್ಟು ಒಂದು ತೆಳ್ಳನೆಯ ಪುಸ್ತಕ ತಂದುಕೊಟ್ಟರು. ಆ ಸೀಮೆಯ ಶಾಲಾ ಮೇಷ್ಟ್ರೊಬ್ಬರು ತಾವೇ ಊರೂರು ತಿರುಗಿ, ಮುದುಕ ಮುದುಕಿಯರನ್ನು ಕೇಳಿ ಬರೆದು, ತಾವೇ ಅಚ್ಚು ಹಾಕಿಸಿದ್ದು. ಹಾಳೆ ಹಳದಿಯಾಗಿ ಅಂಚು ಪುಡಿಯಾಗುತ್ತಿತ್ತು. ಬೆಳಗಿನ ಆರು ಗಂಟೆಗೆ, ಹಾಲಿನ ಗಾಡಿಯವರು ಬಂದುಹೋದ ಮೇಲೆ, ಮಲಕಪ್ಪ ಕ್ಯಾಬಿನ್ನಿನಲ್ಲಿ ಕೂತು ಅದರ ಕೊನೆಯ ಅಧ್ಯಾಯ ತೆಗೆದ. ಬರೀ ಒಂದೂವರೆ ಪುಟ. ಉಳಿದವರು ಏನಾದರು ಅಂತಲೇ ಇತ್ತು. ಓದಿದ. ಇನ್ನೊಂದು ಸಲ ಓದಿದ. ಎಂಟು ಗಂಟೆ ಯಾವಾಗ ಆದೀತೋ ಅಂತ ಗೇಟಿನಲ್ಲಿ ನಿಂತು ಗಡಿಯಾರ ನೋಡಿದ್ದೇ ನೋಡಿದ್ದು.

ಆ ದಿನ ಆಸ್ಪತ್ರೆಗೆ ತೋರಿಸುವ ದಿನವೂ ಆಗಿತ್ತು. ಬಂದ ಮೇಲೆ ಓದಿದರಾಯಿತೆಂದು ಪುಸ್ತಕವನ್ನು ಮಗಳಿಗೆ ತೋರಿಸಿ ಇಟ್ಟ. ಅವಳು ಮುಟ್ಟಿ ನೋಡಿ, ಆಟೋದಲ್ಲಿ ದಾರಿಯುದ್ದಕ್ಕೂ, "ಐತಿ ಹೌದಲ್ಲ? ಖರೇನ ಐತಿ ಹೌದಲ್ಲ?" ಅಂತ ಕೇಳಿದಳು. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಮಲಕಪ್ಪನನ್ನು ಒಳಗೆ ಕರೆದರು. ಮಲಕಪ್ಪನಿಗೆ ಅವರು ಹೇಳಿದ ಅರ್ಧ ಅರ್ಥವಾಗಲಿಲ್ಲ. ಅರ್ಥವಾದಷ್ಟು ಸಾಕಾಗಿತ್ತು. ಶ್ವಾಸಕೋಶಕ್ಕೂ ತೊಂದರೆ ಹಬ್ಬಿದೆ, ಶಿವರಾತ್ರಿ ಕಳೆದ ಸೋಮವಾರ ಆಪರೇಶನ್ ಮಾಡುತ್ತೇವೆ, ಅಲ್ಲಿಯವರೆಗೆ ತಡೆಯಬೇಕು, ತಡೆದರೂ ಭರವಸೆ ಕೊಡಲಾರೆ. ಮಲಕಪ್ಪ ಚೀಟಿ ಮಡಚಿ ಜೇಬಿಗಿಟ್ಟ. ಹೊರಗೆ ಬಂದು ಮಗಳ ಮುಂದೆ ನಕ್ಕ. ಆ ನಗು ಹೇಗೆ ತರಿಸಿಕೊಂಡನೋ ಅವನಿಗೇ ಗೊತ್ತು.

ಮನೆಗೆ ಬಂದು ದಿಂಬಿಗೆ ಒರಗಿದವಳೇ ದಾನಿ ಕೈ ಚಾಚಿದಳು. "ಓದು ಅಪ್ಪಾ. ಇದೊಂದು ಗೊತ್ತಾತಂದ್ರ ಮುಗೀತು. ಮತ್ತೇನೂ ಕೇಳಾಂಗಿಲ್ಲ ನಿನಗ."

ಮುಗೀತು ಅಂದಳಲ್ಲ, ಆ ಮಾತಿಗೆ ಪುಸ್ತಕ ತೆರೆಯಹೊರಟ ಮಲಕಪ್ಪ ಅದನ್ನು ಹಾಗೇ ಮುಚ್ಚಿ ಹಿಡಿದ.

ಅವನ ಊರಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ದಿನಾ ಸಂಜೆ ಒಬ್ಬರು ಓದುವುದು, ಶಾಸ್ತ್ರಿಗಳು ಅರ್ಥ ಹೇಳುವುದು, ಊರು ಊರೇ ಕೂತು ಕೇಳುವುದು. ಕಡೆಯ ದಿನ ಮಂಗಲ. ಹಚ್ಚಿದ ಪುರಾಣವನ್ನು ನಡುವೆ ಬಿಡುವಂತಿಲ್ಲ. ಮಲಕಪ್ಪ ಹನ್ನೊಂದು ವರ್ಷದವನಿದ್ದಾಗ ಅವನಪ್ಪ ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದಿದ್ದ. ಆ ವರ್ಷ ಪುರಾಣ ನಡೆದಷ್ಟು ದಿನವೂ ಅವನ ಅವ್ವ ಗಟ್ಟಿಯಾಗಿದ್ದಳು. "ಕೇಳೂ ಜೀವಾನ್ನ ದೇವ್ರು ನಡುವ ಎಬ್ಬಸೂದಿಲ್ಲ. ಮಂಗಲ ಆಗೂತನ ಏನೂ ಆಗಾಂಗಿಲ್ಲ" ಅನ್ನುತ್ತಿದ್ದಳು. ಅಪ್ಪನನ್ನು ದಿನಾ ಹೊತ್ತುಕೊಂಡು ಹೋಗಿ ಮಠದ ಕಂಬಕ್ಕೆ ಆನಿಸಿ ಕೂರಿಸುತ್ತಿದ್ದರು. ಮಂಗಲ ಆಯಿತು. ಮೂರನೇ ದಿನಕ್ಕೆ ಅಪ್ಪ ತೀರಿಕೊಂಡ.

ಓದಿದವನು, ಪಿಯುಸಿ ಮಾಡಿದವನು, ಮಗಳಿಗೆ ಇತಿಹಾಸ ಹೇಳುವವನು ಇದನ್ನೆಲ್ಲ ನಂಬುತ್ತಾನೆಯೇ ಅಂತ ನೀವು ಕೇಳಬಹುದು. ನಿಮ್ಮ ಮಗುವಿನ ಉಗುರು ನೀಲಿಯಾಗುವುದನ್ನು ದಿನಾ ನೋಡಿ, ಆಮೇಲೆ ಕೇಳಿ.

"ಇವತ್ತ ಬ್ಯಾಡವ್ವಾ, ದಣದಿ. ಇದು ಕಡೀ ಪಾಠ. ಇದಕ್ಕ ಮದ್ಲ ತಿಳ್ಕೊಳ್ಳೂದು ಬಾಳ ಐತಿ" ಅಂದ ಮಲಕಪ್ಪ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಟೂಲು ಹತ್ತಿ, ಬಾಗಿಲ ಮೇಲಿನ ಸಜ್ಜಾದಲ್ಲಿ ಡಬ್ಬಗಳ ಹಿಂದೆ ಇಟ್ಟ. ದಾನಿ ಅಷ್ಟೂ ನೋಡುತ್ತಿದ್ದಳು. ಸ್ಟೂಲು ಹತ್ತುವುದಿರಲಿ, ಬಚ್ಚಲಿಗೆ ಹೋಗಲೂ ಅವಳಿಗೆ ಆಸರೆ ಬೇಕಾಗಿತ್ತು. ಸಂಜೆ ಹೊಳೆವ್ವ ಬಂದಾಗ ಹೊರಗೆ ಕರೆದು ಹೇಳಿದ. "ನಾ ಇಲ್ಲದಾಗ ಅಕಿ ಕೇಳ್ತಾಳ. ತಗದ ಕೊಡಬ್ಯಾಡ. ಆಪರೇಶನ್ ಆಗೂತನ ಅದು ಮುಗೀಬಾರ್ದು." ಯಾಕೆಂದು ಅವನು ಬಿಡಿಸಿ ಹೇಳಲಿಲ್ಲ. ಅವಳೂ ಅದೇ ನಾಡಿನವಳು, ಹೇಳಬೇಕಾಗಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಇನ್ನೊಂದು ಬೇಟೆ. ಮೊದಲು ಅವನು ಪುಸ್ತಕ ಹುಡುಕಿದ್ದು ಮಗಳಿಗೆ ಉತ್ತರ ಸಿಗಲಿ ಅಂತ. ಈಗ ಹುಡುಕಿದ್ದು ಆ ಉತ್ತರ ದೂರ ಇರಲಿ ಅಂತ. ಸಿಕ್ಕ ಸಿಕ್ಕ ಪುಸ್ತಕವನ್ನೆಲ್ಲ ತಂದ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಪೇಶ್ವೆಗಳು, ಕಿತ್ತೂರು. ಯಾವುದೋ ಕಾಲದ ಏಳನೇ ಕ್ಲಾಸಿನ ಪಠ್ಯಪುಸ್ತಕ, ಕೆಎಎಸ್ ಪರೀಕ್ಷೆಯ ದಪ್ಪನೆಯ ಗೈಡು. ಮುತ್ತಣ್ಣ ಈಗ ನಗುತ್ತಿರಲಿಲ್ಲ. ಇತಿಹಾಸ ಅಂತ ಕಂಡದ್ದನ್ನೆಲ್ಲ ಪಕ್ಕಕ್ಕೆ ಎತ್ತಿಟ್ಟು, "ನಿಮ್ದು ತಗೊಳ್ಳಿ ಅಣ್ಣ" ಅನ್ನುತ್ತಿದ್ದ. ಪರಮಾನಂದರು ವಾಕಿಂಗಿನಲ್ಲಿ ಸಿಕ್ಕಾಗಲೆಲ್ಲ, "ಓದಿದ್ರಾ? ಮಗಳು ಏನಂದ್ಲು?" ಅಂತ ಕೇಳುವರು. "ನಡದೈತ್ರಿ ಸರ್" ಅನ್ನುತ್ತ ಮಲಕಪ್ಪ ಗೇಟಿನ ಬೂಮ್ ಬ್ಯಾರಿಯರ್ ಎತ್ತಲು ಓಡುವನು.

ಮೊದಲ ವಾರ ದಾನಿ ಕಾದಳು. ಎರಡನೇ ವಾರ ಕಾಡಿದಳು. "ಸತ್ರೋ ಉಳದ್ರೋ, ಅಷ್ಟ ಹೇಳಿಬಿಡು. ಓದೂದು ಆಮ್ಯಾಲ ಓದೂವಂತಿ."

"ಅವಸರ ಯಾಕ? ಒಂದೊಂದ ಹಂತ ಹತ್ತಬೇಕು."

"ನನಗ ಹಂತ ಹತ್ತಾಕ ಆಗೂದಿಲ್ಲಪ್ಪಾ" ಅಂದಳು ಹುಡುಗಿ.

ಮೂರನೇ ವಾರ ಅವಳಿಗೆ ಸಿಟ್ಟು ಬಂತು. ರಾಷ್ಟ್ರಕೂಟರ ನಡುವೆ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಟ್ಟಳು. "ಯಾವ ರಾಜಾನೂ ಬ್ಯಾಡ ನನಗ. ಓದಬ್ಯಾಡ. ನೀ ಮಲಕೋ ಹೋಗು." ಮಲಕಪ್ಪ ಓದುವುದು ನಿಲ್ಲಿಸಲಿಲ್ಲ. ತಿರುಗಿದ ಆ ಬೆನ್ನಿಗೇ, ನೈಟಿಯೊಳಗೆ ಎಲುಬು ಎಣಿಸುವಂತಿದ್ದ ಬೆನ್ನಿಗೇ ಗಟ್ಟಿಯಾಗಿ ಓದಿದ. ಕಣ್ಣಲ್ಲಿ ನೀರು ಇಳಿದು ಅಕ್ಷರ ಕಾಣದಾದಾಗ ಬಾಯಿಗೆ ಬಂದ ರಾಜರ ಹೆಸರು ಹೇಳಿದ. ಕೇಳುವವಳು ಕೇಳದಿದ್ದರೂ ಓದು ನಡೆಯಬೇಕು, ಅಷ್ಟೇ ಅವನಿಗೆ ಬೇಕಾದ್ದು.

ಬಾಗಿಲಲ್ಲಿ ನಿಂತು ನೋಡಿದ ಭಾಗ್ಯಮ್ಮ ಅವನನ್ನು ಹೊರಗೆ ಕರೆದು ಬೈದರು. "ಅಲ್ಲಾ ಕಣಯ್ಯ, ನಿಂಗೇನ್ ತಲೆ ಕೆಟ್ಟೈತಾ? ಮಗಾ ಒಂದ್ ಕೇಳಿದ್ರೆ ನೀನೊಂದ್ ಓದ್ತೀಯ. ಅದ್ಯಾಕಂಗೆ ಸತಾಯಿಸ್ತೀಯ ಅದ್ನ? ಕೇಳಿದ್ನ ಓದ್ಬುಡಬಾರ್ದಾ?"

"ಆಪರೇಶನ್ ಆಗ್ಲಿ ತಾಯಿ, ಓದ್ತೀನಿ" ಅಂದ ಮಲಕಪ್ಪ. ಹೇಳಿಕೊಂಡರೆ ಆಕೆ ನಗುತ್ತಾರೋ, ನಂಬುತ್ತಾರೋ ಎರಡೂ ಭಯ ಅವನಿಗೆ. ತಲೆ ತಗ್ಗಿಸಿ ನಿಂತ.

ಶಿವರಾತ್ರಿಗೆ ಎರಡು ದಿನ ಇತ್ತು. ಅಂದು ಬೆಳಿಗ್ಗೆ ದಾನಿಯ ಸಿಟ್ಟೆಲ್ಲ ಇಳಿದಿತ್ತು. ಮಾತಿಗೂ ಉಸಿರು ಸಾಲದೆ ಎರಡೆರಡು ಶಬ್ದ ಕೂಡಿಸಿ ಆಡುತ್ತಿದ್ದಳು. ಅಪ್ಪ ಪುಸ್ತಕ ತೆಗೆಯುವ ಮೊದಲೇ ಅವನ ತೋಳು ಹಿಡಿದುಕೊಂಡಳು.

"ಅಪ್ಪಾ, ಆಪರೇಶನ್ನಿಗೆ ಒಳಗ ನಾ ಒಬ್ಬಾಕೀನ ಹೋಗ್ಬೇಕು, ಹೌದಲ್ಲ?"

"ಡಾಕ್ಟರು ಇರ್ತಾರಲ್ಲವ್ವಾ."

"ನೀ ಇರೂದಿಲ್ಲ. ಅಂಜಿಕಿ ಬರ್ತೈತಿ. ಹಲಗಲಿಯವ್ರು ಏನಾದ್ರು ಅಂತ ಗೊತ್ತಿದ್ರ, ಒಳಗ ಅದನ್ನ ನೆನಸ್ಕೊಂತ ಮಲಗ್ತೀನಿ. ಮದ್ಲ ಹೇಳಪ್ಪಾ."

ಮಲಕಪ್ಪ ಮೆಲ್ಲಗೆ ತೋಳು ಬಿಡಿಸಿಕೊಂಡ. ಎದ್ದು ನಿಂತ. ಸ್ಟೂಲಿನ ತನಕ ಹೋದ. ಸ್ಟೂಲಿನ ಮೇಲೆ ಒಂದು ಕಾಲನ್ನೂ ಇಟ್ಟ. ಮಠದ ಕಂಬಕ್ಕೆ ಒರಗಿ ಕೂತ ಅಪ್ಪ ಕಣ್ಣ ಮುಂದೆ ಬಂದ, ಮಂಗಲದ ದಿನದ ಆರತಿ ಕಣ್ಣ ಮುಂದೆ ಬಂತು. ಕಾಲು ಇಳಿಸಿದ.

"ಆಪರೇಶನ್ ಆಗಿ ಹೊರಗ ಬಾ. ಕಣ್ಣು ತಗದ ಕೂಡ್ಲೆ ಅದನ್ನ ಓದ್ತೀನಿ. ಅದಕ್ಕರ ನೀ ಹೊರಗ ಬರ್ಬೇಕು. ಆಣಿ ಮಾಡಿ ಹೇಳ್ತೀನಿ."

ದಾನಿ ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಆತು. ಬಾದಾಮಿ ಓದು ಹಂಗಾರ" ಅಂದಳು. ಅವನು ಬಾದಾಮಿ ಓದಿದ.

ಶಿವರಾತ್ರಿಯ ಮರುದಿನ, ಬೆಳಿಗ್ಗೆ ಏಳೂಕಾಲಿಗೆ ಹೊಳೆವ್ವನ ಫೋನು ಬಂತು. ಮಾತಿಲ್ಲ, ಬರೀ ಅಳು. ಫೋನು ಕಸಿದುಕೊಂಡ ಭಾಗ್ಯಮ್ಮ, "ಮಲಕಪ್ಪ, ಮನು ಕಾರಲ್ಲಿ ಆಸ್ಪತ್ರೆಗೆ ಓಯ್ತಾ ಇದೀವಿ, ಸೀದಾ ಅಲ್ಲಿಗೇ ಬಂದ್ಬುಡು" ಅಂದರು. ಮಲಕಪ್ಪ ಗೇಟು ಬಿಟ್ಟು, ಯೂನಿಫಾರಮ್ಮಿನಲ್ಲೇ, ಸಿಕ್ಕಿದ ಬೈಕಿನವನ ಹಿಂದೆ ಕೂತು ಹೋದ. ಅವನು ತಲುಪಿದಾಗ ಕಾರು ಆಸ್ಪತ್ರೆಯ ಪೋರ್ಟಿಕೋದಲ್ಲಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಹೊಳೆವ್ವನ ತೊಡೆಯ ಮೇಲೆ ತಲೆಯಿಟ್ಟು ದಾನಿ ಮಲಗಿದ್ದಳು. ಉಸಿರು ಕಟ್ಟುತ್ತದೆಂದು ಎಷ್ಟೋ ತಿಂಗಳಿಂದ ಮಲಗದವಳು ನೆಟ್ಟಗೆ ಮಲಗಿದ್ದಾಳಲ್ಲ ಅಂತ ಅವನಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಆಮೇಲೆ ಭಾಗ್ಯಮ್ಮನ ಮುಖ ನೋಡಿದ.

ಮಣ್ಣು ಮಾಡಿದ್ದು ಕಾಡುಗೋಡಿಯಲ್ಲೇ. ಊರಿಗೆ ಒಯ್ಯಬೇಕೆಂದು ಹೊಳೆವ್ವ ಹಟ ಹಿಡಿದಿದ್ದಳು, ಕೊನೆಗೆ, "ಇಲ್ಲೇ ಇರ್ಲಿ, ದಿನಾ ನೋಡಾಕರ ಬರ್ತೈತಿ" ಅಂದಳು. ಶೋಭಾರಾಣಿ ಮೇಡಂ ಕ್ಲಾಸಿನ ಹುಡುಗಿಯರನ್ನು ಕರೆದುಕೊಂಡು ಬಂದಿದ್ದರು. ಪರಮಾನಂದರು ಬಂದು ಮಲಕಪ್ಪನ ಭುಜದ ಮೇಲೆ ಕೈಯಿಟ್ಟು ನಿಂತರು. ಏನನ್ನೂ ಕೇಳಲಿಲ್ಲ. ಅವರು ಕೇಳದೇ ಇದ್ದದ್ದಕ್ಕೆ ಅವನಿಗೆ ಇನ್ನಷ್ಟು ಸಂಕಟವಾಯಿತು.

ಐದನೇ ದಿನ ಬಂದವರೆಲ್ಲ ಹೋದರು. ರೂಮಿನಲ್ಲಿ ಗಂಡ ಹೆಂಡತಿ ಇಬ್ಬರೇ. ಮಂಚದ ಮೇಲಿನ ಮೂರು ದಿಂಬುಗಳನ್ನು ಯಾರೂ ತೆಗೆದಿರಲಿಲ್ಲ. ಗೋಡೆಯ ಬದಿಗೆ ತಂದಿಟ್ಟ ಪುಸ್ತಕಗಳು ಮೊಣಕಾಲೆತ್ತರ ನಿಂತಿದ್ದವು. ಹೊಳೆವ್ವ ಚಹಾ ಇಟ್ಟಳು. ಅದು ಆರಿ ತಣ್ಣಗಾದರೂ ಮಲಕಪ್ಪ ಮುಟ್ಟಲಿಲ್ಲ. ಅವನ ತಲೆಯಲ್ಲಿ ಐದು ದಿನದಿಂದ ಒಂದೇ ಒಂದು ಆಸೆ ಸುತ್ತುತ್ತಿತ್ತು. ಈ ಹುಡುಗಿ ಹಟಮಾರಿ. ಅವ್ವನನ್ನು ಪುಸಲಾಯಿಸಿ, ಅತ್ತು ಕರೆದು, ತನ್ನ ಬೆನ್ನ ಹಿಂದೆ ಪುಸ್ತಕ ಇಳಿಸಿಕೊಂಡು ಓದಿಯೇ ಇರುತ್ತಾಳೆ. ಓದಿ, ಅಪ್ಪನಿಗೆ ಬೇಜಾರಾಗದಿರಲಿ ಅಂತ ಗೊತ್ತಿಲ್ಲದವಳಂತೆ ನಟಿಸಿರುತ್ತಾಳೆ. ಹಾಗೇ ಆಗಿರಬೇಕು. ಹಾಗಾಗಿದ್ದರೆ ತಾನು ಬದುಕಬಹುದು.

"ಹೊಳೆವ್ವ" ಅಂದ. "ನಾ ಡ್ಯೂಟಿಗೆ ಹೋದಾಗ ಅಕಿ ಆ ಪುಸ್ತಕ ಓದಿದ್ಲೇನ?"

ಹೊಳೆವ್ವ ನೆಲ ನೋಡುತ್ತ ಕೂತಿದ್ದಳು. ಹೂಂ ಅಂದುಬಿಡಬಹುದಾಗಿತ್ತು ಆಕೆ. ಒಂದೇ ಒಂದು ಸುಳ್ಳು. ಆದರೆ ಅವಳ ಹೊಟ್ಟೆಯಲ್ಲೂ ಅದೇ ಬೆಂಕಿ ಉರಿಯುತ್ತಿತ್ತು.

"ಇಲ್ರಿ" ಅಂದಳು. "ದಿನಾ ಸಂಜಿಗೆ ಕೇಳ್ತಿದ್ಲು. ತಗದ ಕೊಡವ್ವಾ, ಒಂದ ಸಲ ಕೊಡವ್ವಾ ಅಂತ. ಶಿವರಾತ್ರಿ ದಿನಾನೂ ಕೇಳಿದ್ಲು, ಕೈ ಮುಗದು ಕೇಳಿದ್ಲು. ನೀವು ಬ್ಯಾಡ ಅಂದಿದ್ರಿ ಅಂತ ಕೊಡ್ಲಿಲ್ಲ ನಾ. ನನಗೂ ಅಂಜಿಕಿನ ಇತ್ತು. ಮುಗದ್ರ ಹೋಗಿಬಿಡ್ತಾಳಂತ ಅಂಜಿಕಿ."

ಹೊರಗೆ ಭಾಗ್ಯಮ್ಮ ಯಾರಿಗೋ ನೀರಿನ ಮೋಟಾರು ಆರಿಸಲು ಕೂಗುತ್ತಿದ್ದರು. ಮಲಕಪ್ಪ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಹೊಳೆವ್ವ ಆರಿದ ಚಹಾದ ಲೋಟ ಅತ್ತ ಸರಿಸಿ ಅವನ ಹತ್ತಿರ ಬಂದು ಕೂತಳು. ಆಮೇಲೆ ಕೇಳಿದಳು.

"ಏನಿತ್ತರಿ ಅದರಾಗ?"

"ಏನಿಲ್ಲ" ಅಂದ. ಮುಖ ಒರೆಸಿಕೊಂಡ. "ಉಳದವ್ರು ಗುಡ್ಡದಾಗ ಅಡಗಿದ್ರಂತ. ಹೆಂಗಸರು, ಹುಡುಗರು, ಮುದಕರು. ಬೆಂಕಿ ಆರಿದ ಮ್ಯಾಲ ಒಬ್ಬೊಬ್ಬರ ಇಳದ ಬಂದ್ರಂತ. ಅದ ಸುಟ್ಟ ಜಾಗದಾಗ ಗುಡಸಲಾ ಹಾಕ್ಕೊಂಡ್ರಂತ. ಮಳಿ ಆದ ಮ್ಯಾಲ ಜೋಳ ಬಿತ್ತಿದ್ರಂತ. ಆ ವರ್ಷ ಹುಟ್ಟಿದ ಕೂಸುಗಳಿಗೆ ಸತ್ತವರ ಹೆಸರ ಇಟ್ರಂತ. ಅಷ್ಟ."

"ಅಷ್ಟನ?"

"ಅಷ್ಟ."

ಹೊಳೆವ್ವ ತಲೆಯೆತ್ತಿ ಸಜ್ಜಾದ ಕಡೆ ನೋಡಿದಳು. "ಓದಾಕ ಎಷ್ಟೊತ್ತು ಬೇಕಿತ್ತರಿ ಅದು?"

ಮಲಕಪ್ಪ ಬಾಗಿಲ ಕಡೆಗೆ ಮುಖ ತಿರುಗಿಸಿದ.

"ಐದು ನಿಮಿಷ" ಅಂದ.